ಹೆಪ್ಪು ಕೇಳಿದರೆ ಹಾಡು ಒಯ್ದೆವು

ಗದಗ,
ಫೆಬ್ರವರಿ ೩೦, ೨೨೧೧

ಸಹನಾ ಅಜ್ಜಿಯವರಿಗೆ ಅಂದಾನಪ್ಪನ ಶರಣು.

ತಾರೀಖು ನೋಡಿ ನಗಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಕನಿಕರಪಟ್ಟು ಮೂವತ್ತು ದಿನ ಕೊಟ್ಟಿದ್ದಾರೆ. ಈ ಕಾಗದ ಹಿಂದಕ್ಕೆ ಹೋಗಿ ಮುಟ್ಟುವ ನಿಮ್ಮ ಕಾಲದಲ್ಲಿ ನಿಮಗಿನ್ನೂ ಇಪ್ಪತ್ತಾರು ವರ್ಷ, ಹೊಟ್ಟೆಯಲ್ಲಿ ಆರು ತಿಂಗಳ ಕೂಸು. ನನಗೆ ಅರವತ್ತೈದು. ಆದರೂ ನೀವೇ ಅಜ್ಜಿ. ನಾನು ನಿಮ್ಮಿಂದ ಐದು ತಲೆ ಕೆಳಗಿನವನು. ನನ್ನ ಮಾತು ಎಲ್ಲಾದರೂ ವಿಚಿತ್ರ ಅನ್ನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಬರೆಯಲು ಕೂತದ್ದೂ ಹೊಟ್ಟೆಯ ವಿಷಯವನ್ನೇ.

ನಿಮ್ಮಲ್ಲಿ ಹೆಪ್ಪು ಎಂದರೆ ಹಾಲಿಗೆ ಹಾಕುವುದು. ನಮ್ಮಲ್ಲಿ ಕರುಳಿಗೂ ಹೆಪ್ಪು ಇದೆ. ಕರುಳಲ್ಲಿ ವಾಸವಿರುವ ಸೂಕ್ಷ್ಮಜೀವಿಗಳಲ್ಲಿ ಉಪಕಾರಿಗಳನ್ನು ಆರಿಸಿ, ಮನೆಯ ಹೆಣ್ಣುಮಕ್ಕಳು ಕೈಯಿಂದ ಕೈಗೆ ಕುಪ್ಪಿಯಲ್ಲಿ ಸಾಕಿಕೊಂಡು ಬರುತ್ತಾರೆ. ಬಸುರಿಗೆ ಅದನ್ನು ಕೊಟ್ಟರೆ, ಜೊತೆಗೆ ಸೊಪ್ಪು ತಿನ್ನಿಸಿದರೆ, ಫೋಲೇಟ್ ಎಂಬ ಸತ್ವ ಒಳಗೂ ಹುಟ್ಟಿ ಹೊರಗಿಂದಲೂ ಬಂದು, ರಕ್ತದೊತ್ತಡ ಏರದಂತೆ ನೆರವಾಗುತ್ತದೆ ಎಂದು ನಮ್ಮವರ ಲೆಕ್ಕಾಚಾರ. ಫೋಲಿಯಂ ಅಂದರೆ ಎಲೆ ಎಂದು ಕಾಲೇಜಿನಲ್ಲಿ ಹೇಳಿದ ನೆನಪು. ಲ್ಯಾಟಿನ್ನೋ ಗ್ರೀಕೋ, ಅದು ಮರೆತಿದೆ. ಪ್ರತಿ ಮನೆಗೂ ಗೋಡೆಹಿತ್ತಲು, ಅಂದರೆ ಗೋಡೆಗೇ ಅಂಟಿಸಿದ ಸೊಪ್ಪಿನ ಮಡಿ. ರಾಜಗಿರಿ, ಮೆಂತ್ಯ, ಪುಂಡಿ. ಹಾಸಿಗೆಯಿಂದಲೇ ಕೈ ಚಾಚಿ ಕೀಳಬಹುದು. ನನ್ನ ಹೆಂಡತಿ ಗುರುಸಿದ್ದವ್ವ ಹಾಗೆ ಕಿತ್ತರೆ ಬೈಯುತ್ತಿದ್ದಳು. ಈಗ ಬೈಯುವವರಿಲ್ಲ, ಪುಂಡಿಯೂ ಸೊರಗಿದೆ. ಇನ್ನು ಬೆಳಿಗ್ಗೆ ಸಂಡಾಸಿಗೆ ಹೋದರೆ ಸಂಡಾಸೇ ಪರೀಕ್ಷಿಸಿ ವರದಿ ಹೇಳುತ್ತದೆ: ಫೋಲೇಟ್ ಸರಿ, ಹೆಪ್ಪು ಸರಿ. ಇಷ್ಟು ಅನುಕೂಲವಾದ ಮೇಲೆ ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡುವ ನಿಮ್ಮ ಕಾಲದ ರೂಢಿಯನ್ನು ನಮ್ಮವರು ಬಿಟ್ಟೇಬಿಟ್ಟರು.

ನನ್ನ ಮಗಳು ಮುಕ್ತಾಳಿಗೆ ಏಳು ತಿಂಗಳು ತುಂಬಿದಾಗ ಓಣಿಯ ಹೆಪ್ಪುಮನೆಯಿಂದ ಒಂದು ಸಂದೇಶ ಬಂತು. ಹೆಪ್ಪುಮನೆ ಎಂದರೆ ಈ ಕುಪ್ಪಿಗಳನ್ನು ಪರೀಕ್ಷಿಸುವ ಜಾಗ. ಫ್ಯಾಮಿಲಿ ಕಲ್ಚರ್ ಕಳುಹಿಸಿ ಎಂದಿತ್ತು. ಇಂಗ್ಲಿಷು ನಮಗೆ ಈಗ, ನಿಮಗೆ ಹಳಗನ್ನಡ ಇದ್ದ ಹಾಗೆ; ವೈದ್ಯದವರು ಮಾತ್ರ ಬಳಸುತ್ತಾರೆ. ಕಲ್ಚರ್ ಎಂದರೆ ಸಂಸ್ಕೃತಿ ಎಂದು ಎರಡು ಮಾರ್ಕಿಗೆ ಬರೆದು ಪಾಸಾದವನು ನಾನು.

"ಅಪ್ಪಾ, ಅವರಿಗ್ಯಾಕ ನಮ್ಮ ಸಂಸ್ಕೃತಿ?" ಎಂದಳು ಮುಕ್ತಾ.

"ಬಸುರಿ ಹೆಂಗಸಿನ ಮನಸ್ಸು ಹಗುರಾಗ್ಲಿ ಅಂತ ಇರಬೇಕು. ನಿಮ್ಮವ್ವ ಕಲಿಸಿದ ಕುಬಸದ ಹಾಡು ಐತಲ್ಲ, ಅದನ್ನ ಹಾಡಿ ಬರೂಣು ನಡಿ."

ಕುಪ್ಪಿಯನ್ನು ಮನೆಯ ಟಪಾಲು ಕೊಳವೆಗೆ ಹಾಕಿದ್ದರೆ ತಾನೇ ಹೋಗಿ ಹೆಪ್ಪುಮನೆ ಮುಟ್ಟುತ್ತಿತ್ತು. ನಾವು ಬಿಸಿಲು ಇಳಿದ ಮೇಲೆ ಆರತಿ ತಾಟು, ಮಡಿಲಕ್ಕಿ, ಸೀಮಂತಕ್ಕೆ ತೊಡಿಸುವ ಹಸಿರು ಕುಬಸ ಹಿಡಿದು ಮೆರವಣಿಗೆ ಹೊರಟಂತೆ ಹೊರಟೆವು. ಅಲ್ಲಿನ ನರ್ಸು ರಜಿಯಾಬಾನು ನಮ್ಮನ್ನು ನೋಡಿ ಕುರ್ಚಿ ಹಿಡಿದು ನಕ್ಕಳು.

"ಅಜ್ಜಾರ, ನಮ್ಮ ಮಾತಿನಾಗ ಕಲ್ಚರ್ ಅಂದ್ರ ಹೆಪ್ಪು, ನಾ ಕೇಳಿದ್ದು ಹೆಪ್ಪು! ನೀವು ಆರತಿ ತಾಟು ತಂದೀರಲ್ಲ? ಇರ್ಲಿ, ಬಂದೀರಿ ಅಂದಮ್ಯಾಲ ಹಾಡಿಸ್ರಿ."

ಮುಕ್ತಾ ನಾಚಿಕೊಂಡೇ ಶುರು ಮಾಡಿದಳು. ರಾಜಗಿರಿ ತಂದೇನ, ಪುಂಡಿಪಲ್ಯೆ ತಂದೇನ, ಬಸುರಿ ನನ ಮಗಳೇ ಏನ ಬಯಸೀಯೆ. ಎರಡನೆಯ ನುಡಿಗೆ ನಿಂತುಬಿಟ್ಟಳು.

"ಅಪ್ಪಾ, ತಲಿ ಸಿಡಿಯಾಕತ್ತೈತಿ. ಕಣ್ಣ ಮುಂದ ಕಿಡಿ ಹಾರಿಧಂಗ ಆಗತೈತಿ."

ರಜಿಯಾಬಾನುವಿನ ನಗು ಅಲ್ಲೇ ನಿಂತಿತು. ಕಪಾಟಿನ ಮೇಲಿಂದ ಹಳೆಯ ತೋಳುಪಟ್ಟಿ ಇಳಿಸಿ, ಧೂಳು ಕೊಡವಿ ಸುತ್ತಿದಳು. ನೋಡಿದಳು, ಮತ್ತೊಮ್ಮೆ ಸುತ್ತಿ ನೋಡಿದಳು. "ಇವತ್ತ ನೀವು ಮನಿಗೆ ಹೋಗೂದಿಲ್ಲ" ಎಂದಳು. ಅಷ್ಟೇ. ಅಲ್ಲಿಂದ ನೇರವಾಗಿ ಆಸ್ಪತ್ರೆ. ಔಷಧ ಕೊಟ್ಟು ಒತ್ತಡ ಹಿಡಿದಿಟ್ಟರು. ಕೆಲವು ದಿನ ಕಾದು, ತಿಂಗಳು ತುಂಬುವ ಮೊದಲೇ ಮಗುವನ್ನು ಹೊರತೆಗೆದರು. ಆ ಬೆಳಿಗ್ಗೆಯೂ ನಮ್ಮ ಸಂಡಾಸು ಎಲ್ಲ ಸರಿ ಎಂದೇ ಹೇಳಿತ್ತು. ಅದು ಸುಳ್ಳು ಹೇಳಲಿಲ್ಲ. ಫೋಲೇಟ್ ಸರಿಯೇ ಇತ್ತು, ಹೆಪ್ಪೂ ಸರಿಯೇ ಇತ್ತು. ಎರಡೂ ಸರಿಯಿದ್ದೂ ಒತ್ತಡ ಏರಬಹುದು ಎಂಬುದನ್ನು ನಾವು ಮರೆತಿದ್ದೆವು.

ಮೊಮ್ಮಗಳು ಈಗ ನನ್ನ ಮಗ್ಗುಲಲ್ಲೇ ಮಲಗಿದ್ದಾಳೆ. ಅಂಗೈ ಒಂದು ಮೆಂತ್ಯದ ಎಲೆಯಷ್ಟು ಎಂದರೆ ಉತ್ಪ್ರೇಕ್ಷೆ. ರಾಜಗಿರಿ ಎಲೆಯಷ್ಟು ಎನ್ನೋಣ. ಮುಕ್ತಾ ಗಂಜಿ ಕುಡಿದು ಎದ್ದು ಓಡಾಡುತ್ತಾಳೆ. ಹೆಸರು ಏನಿಡೋಣ ಎಂದರೆ ಕಲ್ಚರವ್ವ ಅಂತಿಡಪ್ಪಾ ಎಂದು ನನ್ನನ್ನೇ ಚೇಷ್ಟೆ ಮಾಡುತ್ತಾಳೆ.

ಅಜ್ಜಿ, ನನ್ನದೊಂದೇ ಕೋರಿಕೆ. ಡಾಕ್ಟರು ಕೊಟ್ಟ ಫೋಲಿಕ್ ಗುಳಿಗೆ ನುಂಗಿ, ಸೊಪ್ಪು ತಿನ್ನಿ, ಮಜ್ಜಿಗೆ ಕುಡಿಯಿರಿ. ಆದರೆ ಅದನ್ನೆಲ್ಲ ಮಾಡಿದ್ದೇನಲ್ಲ ಎಂದು ಮನೆಯಲ್ಲಿ ಕೂರಬೇಡಿ. ಕರೆದ ದಿನ ಆಸ್ಪತ್ರೆಗೆ ಹೋಗಿ ತೋಳು ಚಾಚಿ. ತಲೆ ಸಿಡಿದರೆ, ಕಣ್ಣು ಮಂಜಾದರೆ, ಮುಖ ಬಾತರೆ ಕರೆಯುವುದನ್ನೂ ಕಾಯಬೇಡಿ. ಹೆಪ್ಪನ್ನು ತಲೆಮಾರುಗಟ್ಟಲೆ ಕಾಪಾಡಿಕೊಂಡು ಬರಬಹುದು, ನಾವು ಬಂದಿದ್ದೇವೆ. ಒತ್ತಡವನ್ನು ಮಾತ್ರ ಆಯಾ ದಿನವೇ, ಆಯಾ ತೋಳಿನಲ್ಲೇ ನೋಡಬೇಕು.

ಕೂಸು ಎದ್ದಿತು. ಹಾಡು ಕೇಳುತ್ತದೆ, ಹೋಗುತ್ತೇನೆ.

ನಿಮ್ಮ ಮೊಮ್ಮಗ,
ಅಂದಾನಪ್ಪ