ಪುಡಿಯಮ್ಮನ ಮುಖ

ಮಾರ್ಚ್ ೪, ಸಂಜೆ

ಇವತ್ತೂ ಸೋಪುಪುಡಿ ಜಾಹೀರಾತೇ. ಫೋಟೋದಲ್ಲಿ ಗಂಡನ ಕಾಲರ್ ಇನ್ನಷ್ಟು ಬಿಳಿ ಮಾಡಿದೆ. ಹೆಂಡತಿಯ ಬೆರಳಿನ ಸುಕ್ಕು ತೆಗೆದೆ. ಮನೆಮಂದಿಯ ಬಟ್ಟೆಯೆಲ್ಲ ಒಗೆಯುವವಳಂತೆ — ಕೈ ಮಾತ್ರ ಹೂವಿನ ಹಾಗಿರಬೇಕು! ಇಪ್ಪತ್ತು ವರ್ಷದಿಂದ ಇದೇ ಸ್ಟುಡಿಯೋ, ಇದೇ ಸುಳ್ಳು. ನೆಗೆಟಿವ್ ಮೇಲೇ ಸಣ್ಣ ಬ್ರಷ್ಷಿನಲ್ಲಿ ಬಣ್ಣ ಹಚ್ಚೋದು. ಒಮ್ಮೆ ಹಚ್ಚಿದರೆ ಹೋಗೋದಲ್ಲ.

ಹೆಂಡತಿಯಾಗಿ ನಿಲ್ಲುವ ಹುಡುಗಿಗೆ ನಾವೆಲ್ಲ ಇಟ್ಟ ಹೆಸರು ಪುಡಿಯಮ್ಮ. ಎಡ ದವಡೆಯ ಕೆಳಗೆ ಕಪ್ಪು. ಬಾಗಿಲು ತಾಗಿತಂತೆ. ಅಳಿಸಿದೆ. ಸ್ಟುಡಿಯೋ ಯಜಮಾನರು ಭೂತಗನ್ನಡಿ ಹಿಡಿದು ನೋಡಿ, "ಚಿನ್ನದಂಥ ಕೈ ಕಣಮ್ಮಾ ನಿಮ್ದು" ಅಂದರು. ಬೀಗಿದೆ.

ಮಾರ್ಚ್ ೧೯

ಹುಬ್ಬಿನ ಮೇಲೆ ಊತ. ಮತ್ತೆ ಬಾಗಿಲಂತೆ. ಅದ್ಯಾವ ಬಾಗಿಲೋ, ಹೊಂಚು ಹಾಕ್ಕೊಂಡು ಕೂತಿರುತ್ತೆ! ನನಗೇನು ತಿಳಿಯಲ್ವಾ... ಊರ ಉಸಾಬರಿ ನನಗ್ಯಾಕೆ ಅಂತ ಅಳಿಸಿದೆ.

ಏಪ್ರಿಲ್ ೨

ಪುಡಿಯಮ್ಮ ನನ್ನ ಮೇಜಿನ ಹತ್ತಿರ ಬಂದು ನಿಂತಳು. ಕತ್ತಿನ ಮೇಲೆ ನಾಲ್ಕು ಬೆರಳಿನ ಗುರುತು.

"ಅಕ್ಕಾ, ಈ ಸಲ ಇದನ್ನ ಬಿಟ್ಬಿಡಿ."

"ಯಾಕೇ?"

"ಅಣ್ಣನ ಮನೆಗೆ ಹೋಗಿದ್ದೆ, ಇಲ್ಲೇ ಇರ್ತೀನಿ ಅಂತ. ಮೈಮೇಲಿನ ಗುರುತೆಲ್ಲ ಅಷ್ಟೊತ್ತಿಗೆ ಮಾಸಿತ್ತು. ನಮ್ಮನೆಯವರು ಹಿಂದೇನೇ ಬಂದ್ರು. ಜಾಹೀರಾತು ತೋರಿಸಿದ್ರು. 'ಹೊಡೆದೆ ಅಂತಾಳಲ್ಲ ಭಾವ, ಅದರ ಮಾರನೇ ದಿನದ ಫೋಟೋ ಇದು. ಒಂದು ಗೀರಾದ್ರೂ ಇದ್ಯಾ? ಹೆಂಗ್ ನಗ್ತಿದಾಳೆ ನೋಡಿ!' ಅಣ್ಣ ನನಗೇ ಬೈದು ವಾಪಸ್ ಕಳಿಸ್ದ. ಈಗ ಸ್ಟುಡಿಯೋಗೆ ಬಿಟ್ರೆ ಎಲ್ಲಿಗೂ ಕಳಿಸಲ್ಲ ನನ್ನ. ಇದು ಪತ್ರಿಕೇಲಿ ಬಂದ್ರೆ ಅಣ್ಣ ನಂಬ್ತಾನೆ ಅಕ್ಕಾ."

ಬಿಡ್ತೀನಿ ಕಣೇ, ಅಂದೆ. ಕೈ ಹಿಡಿದು ಮಾತು ಕೊಟ್ಟೆ.

ಏಪ್ರಿಲ್ ೩, ಮಧ್ಯಾಹ್ನ

ಬಿಟ್ಟಿದ್ದೆ. ದೇವರಾಣೆ ಬಿಟ್ಟಿದ್ದೆ. ಯಜಮಾನರು ಹಿಂದೆ ಬಂದು ನಿಂತರು. "ಕತ್ತು ಮರೆತ್ರಾ? ಕಣ್ಣು ಮಂಜಾಯ್ತೇನಮ್ಮಾ? ಬೇರೆ ಯಾರನ್ನಾದ್ರೂ ನೋಡ್ಲಾ?" ತಮಾಷೆಗೇ ಅಂದದ್ದು. ಇಲ್ಲ ಸಾರ್, ಅಂದೆ. ಬ್ರಷ್ ತಗೊಂಡೆ. ಹತ್ತು ನಿಮಿಷ ಹಿಡೀಲಿಲ್ಲ. ಥೂ, ನನ್ನ ಜನ್ಮಕ್ಕಿಷ್ಟು...

ಏಪ್ರಿಲ್ ೨೨

ಪತ್ರಿಕೆ ಬಂತು. ಅರ್ಧ ಪುಟ. "ಅವಳ ನಗುವಿನ ಗುಟ್ಟು — ಕಲೆಯಿಲ್ಲದ ಮನೆ!" ಕತ್ತು ನುಣ್ಣಗಿದೆ. ಪುಡಿಯಮ್ಮ ಈ ವಾರ ಬಂದಿಲ್ಲ. ಬಂದರೆ ಯಾವ ಮುಖ ಇಟ್ಕೊಂಡು ಮಾತಾಡಲಿ?

ಏಪ್ರಿಲ್ ೨೬

ಸತ್ತಳು. ಮೆಟ್ಟಿಲಿಂದ ಜಾರಿ ಬಿದ್ದಳಂತೆ. ಅಂತೆ! ಅಣ್ಣ ಸ್ಟೇಷನ್ನಿಗೆ ಹೋಗಿ ಬಾಯಿ ಬಡ್ಕೊಂಡನಂತೆ — ಈಗ. ಆ ಗಂಡ ಅಲ್ಲಿಗೂ ಜಾಹೀರಾತು ಒಯ್ದಿದ್ದಾನೆ. ಇನ್ಸ್‌ಪೆಕ್ಟರ್ ಸ್ಟುಡಿಯೋಗೆ ಬಂದು ನೆಗೆಟಿವ್ ಕೇಳಿದ. ಕಿಟಕಿ ಬೆಳಕಿಗೆ ಹಿಡಿದು ನೋಡಿದ. "ಏನೂ ಇಲ್ವಲ್ರೀ." ಯಜಮಾನರು ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ.

ಏಪ್ರಿಲ್ ೨೭, ಬೆಳಿಗ್ಗೆ ಹತ್ತೂವರೆ

ಸ್ಟೇಷನ್ನಿನ ಬೆಂಚು. ಬಂದೇಬಿಟ್ಟೆ. ಕೆಲಸ ಹೋಗುತ್ತೆ, ಹೋಗಲಿ. ಪೇದೆ ಹಾಳೆ ಕೊಟ್ಟ, ಕಂಡದ್ದು ಬರೀರಿ ಅಂದ. ಮೊದಲು ಈ ಡೈರಿಯಲ್ಲಿ ಬರೆದು ನೋಡ್ತೀನಿ.

ಮಾರ್ಚ್ ನಾಲ್ಕು, ಎಡ ದವಡೆ. ಕಂಡೆ. ಅಳಿಸಿದೆ.

ಮಾರ್ಚ್ ಹತ್ತೊಂಬತ್ತು, ಹುಬ್ಬು. ಕಂಡೆ. ಅಳಿಸಿದೆ.

ಏಪ್ರಿಲ್ ಮೂರು, ಕತ್ತು. ಬಿಟ್ಬಿಡಿ ಅಕ್ಕಾ ಅಂದಿದ್ದಳು. ಬಿಡ್ತೀನಿ ಅಂದಿದ್ದೆ. ಆಮೇಲೆ ನಾನೇ...