ಬರ್ರಿ ಅನ್ನದ ಲ್ಯಾಪ್‌ಟಾಪ್

ಆಳಂದ, ನವೆಂಬರ್ ೨೩, ಭಾನುವಾರ

ಅಬ್ಬಾ, ಅತ್ತೆಯ ಬೀಸುವ ಪದಗಳು ಅಳಿಸಿಹೋಗಿಲ್ಲ. ಗಂಟಲ ಆಪರೇಷನ್ನಿಗೆ ಮುಂಚೆ ಅವರು ಹಾಡಿದ್ದು ಒಂದು ಪೆನ್‌ಡ್ರೈವಿನಲ್ಲಿ ಮಾತ್ರ ಇತ್ತು. ಹಳೆಯ ಲ್ಯಾಪ್‌ಟಾಪಿಗೆ ವಿಂಡೋಸ್ ಬದಲು ಹಗುರವಾದ ಲಿನಕ್ಸ್ ಹಾಕಿದ ಮೇಲೆ ಆ ಡ್ರೈವ್ ಕಾಣಿಸಲೇ ಇಲ್ಲ. ನಾನೇ ಕೆಡಿಸಿದೆನೆ ಎಂದು ವಾರವಿಡೀ ಕೊರಗಿದೆ. ಮೊದಲೇ ಓದಿಕೊಳ್ಳಬಾರದಿತ್ತೆ?

ಇಂದು ಆದೇಶ ಟೈಪ್ ಮಾಡುವ ಟರ್ಮಿನಲ್‌ನಲ್ಲಿ ನೋಡಿದರೆ ಡ್ರೈವಿನ ಹೆಸರು ಇದೆ! ಈ ಲಿನಕ್ಸ್ ತಾನಾಗಿ ಮೌಂಟ್ ಮಾಡುವುದಿಲ್ಲ, ಚುಚ್ಚಿದ ಡ್ರೈವನ್ನು ಒಳಗೆ ಸೇರಿಸಿಕೋ ಎಂದು ನಾವೇ ಹೇಳಬೇಕು. ಅತ್ತೆಗೆ ವಿವರಿಸಿದೆ. ಪಿಸುದನಿಯಲ್ಲೇ ನಕ್ಕರು: "ಬಾಗಿಲಿಗಿ ಬಂದವ್ರಿಗಿ ಬರ್ರಿ ಅನ್ಲಾರದ ಮನಿ ಎಂಥಾದ್ ಬೇ ನಿಂದು!"

ಒಂದು ಸಾಲು ಟೈಪ್ ಮಾಡಿದೆ. ಹಾಡು ಬಂತು.

"ಯಾರ್ ಬೇ ಇಕಿ? ಭಾಳ ಚಲೋ ಹಾಡಾಕತ್ತಾಳ."

"ನೀವೇರಿ, ಅತ್ತಿ."

"ಗೊತ್ತದ. ಇನ್ನೊಮ್ಮಿ ಹಚ್ಚು."

ಇನ್ನೊಂದು ಪ್ರತಿ ಮಾಡಿಟ್ಟೆ. ನನಗೆ ಕಣ್ಣು ಎಳೆಯುತ್ತಿದೆ. ಆಚೆ ಕೋಣೆಯಲ್ಲಿ ಹಾಡು ಇನ್ನೂ ನಿಂತಿಲ್ಲ, ಜೊತೆಗೊಂದು ಪಿಸುದನಿಯೂ…