ಮೂರನೇ ಸಾಲಿನ ಎಡಗಡೆ ಸೀಟು

ಮಾರ್ಚ್ ೪, ಬೆಳಿಗ್ಗೆ ಆರೂವರೆ

ಟೈರ್ ಗಾಳಿ ನೋಡಿದ್ದಾಯ್ತು. ನಾಲ್ಕೂ ಸರಿ. ಸ್ಟೆಪ್ನಿ ಸ್ವಲ್ಪ ಕಮ್ಮಿ. ಆಯಿಲ್ ಕಪ್ಪಗಿದೆ, ಆದರೆ ಬೆರಳಿಗೆ ಉಜ್ಜಿದರೆ ನುಣ್ಣಗೆ. ಒಳ್ಳೇ ಕೈಯಲ್ಲಿ ಇದ್ದ ಗಾಡಿ.

ಅಳಿಯಂದಿರ ಆಫೀಸಿನವರೊಬ್ಬರದು. ಬೇರೆ ಊರಿಗೆ ಹೋಗ್ತಿದಾರಂತೆ, ಮಾರಬೇಕು. "ನಾಲ್ಕು ದಿನ ಇಟ್ಕೊಂಡು ಓಡಿಸಿ ನೋಡಿ" ಅಂತ ಕೀಲಿ ಕೊಟ್ಟಿದ್ದಾರೆ. ಮಗಳು ನೋಡಿದ ಕೂಡಲೇ ಮನಸ್ಸು ಕೊಟ್ಟುಬಿಟ್ಟಿದ್ದಾಳೆ. ಆದರೂ ನನ್ನ ಈ ನೋಟ್‌ಬುಕ್ಕಿನಲ್ಲಿ "ಸರಿ" ಅಂತ ಬೀಳೋ ತನಕ ಮನೆಗೆ ಗಾಡಿ ಬರೋ ಹಾಗಿಲ್ಲ. ಬಸ್ ಕಾರ್ಖಾನೆಯಲ್ಲಿ ಮೂವತ್ತೆಂಟು ವರ್ಷ ಟೆಸ್ಟ್ ಡ್ರೈವರ್ ಆಗಿದ್ದವನಿಗೆ ಉಳಿದಿರೋ ಮರ್ಯಾದೆ ಅದೊಂದೇ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಗಾಡಿ ಓದೋದನ್ನ ಗಾಡಿಯಿಂದಲೇ ಕಲಿತೆ.

ಮೂರು ಸಾಲು, ಏಳು ಸೀಟು — ಮುಂದೆ ಎರಡು, ನಡುವೆ ಮೂರು, ಹಿಂದೆ ಎರಡು. ಡೀಸೆಲ್, ಎರಡು ಲೀಟರ್, ಆಟೋಮ್ಯಾಟಿಕ್. ಖಾಲಿ ತೂಕ ಸಾವಿರದ ಎಂಟುನೂರ ಐವತ್ತು ಕೆ.ಜಿ. ನೆಲಕ್ಕೂ ಹೊಟ್ಟೆಗೂ ಒಂದು ಗೇಣು. ಆಕ್ಸಿಲರೇಟರ್ ಮೊದಲು ಒತ್ತಿದಾಗ ನಿದ್ದೆಗಣ್ಣಲ್ಲಿ ಏಳುತ್ತೆ, ಇಂಜಿನ್ ಸಾವಿರದ ಐನೂರು ಸುತ್ತು ದಾಟಿದರೆ ಆನೆ ಹೊರಟ ಹಾಗೆ. ತಿರುವಿನಲ್ಲಿ ಮೈ ವಾಲುತ್ತೆ, ಆದರೆ ಮಾತು ಕೇಳುತ್ತೆ. ಸ್ಟೇರಿಂಗ್ ಹಗುರ — ಮಗಳಿಗೆ ಒಳ್ಳೇದು. ನಡು ಸಾಲಿನಲ್ಲಿ ಬೀಗರು ಕಾಲು ಚಾಚಬಹುದು. ಹಿಂದಿನ ಸಾಲಿನ ಸೀಟು ಬಿಡಿಸಿ ನಿಲ್ಲಿಸಿದರೆ ಸಾಮಾನಿಗೆ ಜಾಗ ಎರಡು ಸ್ಕೂಲ್ ಬ್ಯಾಗಿನಷ್ಟೇ.

ಮೂರನೇ ಸಾಲು... ನಾಳೆ ಬರೆದರಾಯ್ತು.

ಮಾರ್ಚ್ ೫, ಮಧ್ಯಾಹ್ನ

ಖಾಲಿ ಗಾಡಿ ಸುಳ್ಳು ಹೇಳುತ್ತೆ. ಕಾರ್ಖಾನೆಯಲ್ಲಿ ಪ್ರತಿ ಸೀಟಿಗೂ ಮರಳು ಮೂಟೆ ಕೂರಿಸಿಯೇ ಓಡಿಸ್ತಿದ್ದೆವು. ಮನೆ ಗಾಡಿಗೂ ಹಾಗೇ ಮಾಡ್ತೀನಿ, ಯಾರು ಎಲ್ಲಿ ಕೂರ್ತಾರೋ ಅವರದೇ ತೂಕದ ಚೀಲ. ಗುಬ್ಬಿಗೆ ಇದು ದೊಡ್ಡ ಆಟ. ಮೊಮ್ಮಗಳು, ಹತ್ತು ವರ್ಷ, ಬಾಯಿ ಮಾತ್ರ ಐವತ್ತರದ್ದು.

"ಅಜ್ಜ, ಅಪ್ಪನ ಚೀಲ ಇಷ್ಟು ದಪ್ಪಾನಾ?"

"ಎಪ್ಪತ್ತೆಂಟು ಕೆ.ಜಿ. ಸುಳ್ಳಾ?"

"ಅಪ್ಪಾ! ಅಜ್ಜ ನಿನ್ನನ್ನ ಮೂಟೆ ಕಟ್ಟಿದಾನೆ!"

ಮುಂದೆ ಅಳಿಯಂದಿರ ಮೂಟೆ. ನಡುವೆ ಮಗಳು, ಅರವತ್ತೊಂದು. ಆಚೆಗೆ ಈಚೆಗೆ ಬೀಗರು, ಬೀಗಿತ್ತಿ. ಹಿಂದೆ ಬಲಗಡೆ ಗುಬ್ಬಿ, ಮೂವತ್ತೊಂದು. ಎಲ್ಲಕ್ಕೂ ಬೆಲ್ಟ್ ಹಾಕಿದೆ. ದೊಡ್ಡ ರಸ್ತೆವರೆಗೆ ಹೋಗಿ ಬಂದೆ. ಭಾರ ಬಿದ್ದ ಮೇಲೆ ಗಾಡಿ ಗಂಭೀರವಾಯ್ತು, ಹಿಂಭಾಗದ ಕುಣಿತ ನಿಂತಿತು. ಹಂಪು ಹಾರುವಾಗಲೂ ಒಂದೇ ಸಲ ಕೂತು ಎದ್ದಿತು.

ಇಳಿಸುವಾಗ ಗುಬ್ಬಿ ಎಣಿಸಿದಳು. "ಅಜ್ಜ, ಡ್ರೈವರ್ ನೀನು. ಉಳಿದೋರು ಐದು ಜನ. ಚೀಲ ಆರಿದೆ."

ಆರನೇದು ಹಿಂದಿನ ಸಾಲಿನ ಎಡಗಡೆ. ಐವತ್ತೆರಡು ಕೆ.ಜಿ. ನಾನೇ ತುಂಬಿದ್ದೆ, ನಾನೇ ತೂಗಿದ್ದೆ, ನಾನೇ ಬೆಲ್ಟ್ ಹಾಕಿದ್ದೆ. ತುಂಬುವಾಗ ಯಾರ ಚೀಲ ಅಂತ ಒಂದು ಸಲವೂ ಅನಿಸಲಿಲ್ಲ.

ಮಗಳು ಬಾಗಿಲಲ್ಲಿ ನಿಂತಿದ್ದಳು. ಅವಳಿಗೂ ಆ ತೂಕ ಗೊತ್ತು. ಅಮ್ಮನನ್ನ ಆಸ್ಪತ್ರೆಗೆ ಸೇರಿಸುವಾಗ ಚೀಟಿಯಲ್ಲಿ ಬರೆಸಿದ್ದು ಅವಳೇ. "ಬಿಸಿಲಿದೆ, ಒಳಗೆ ಬಾ ಅಪ್ಪ" ಅಂದಳು, ಅಷ್ಟೇ.

ಮಾರ್ಚ್ ೬, ಬೆಳಿಗ್ಗೆ

ಒಬ್ಬನೇ ಹೊರಟೆ. ಚೀಲ ಇಲ್ಲ, ಜನ ಇಲ್ಲ. ಮೂಲೆ ಅಂಗಡಿ ದಾಟುವಷ್ಟರಲ್ಲಿ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ. ಟಿಂಗ್ ಟಿಂಗ್. ಮೂರನೇ ಸಾಲು, ಎಡಗಡೆ — ಬೆಲ್ಟ್ ಹಾಕಿಲ್ಲ.

ನಿಲ್ಲಿಸಿದೆ. ಹೋಗಿ ನೋಡಿದೆ. ಸೀಟು ಖಾಲಿ. ಚೀಲದಿಂದ ಸೋರಿದ ಮರಳು ಸಂದಿಗೆ ಹೋಗಿ ಸೆನ್ಸರ್ ಒತ್ತಿರಬೇಕು. ಬ್ರಷ್ಷಿನಲ್ಲಿ ತೆಗೆದೆ. ದೀಪ ಆರಿತು. ಇಷ್ಟೇ ವಿಷಯ.

ಆದರೆ ಟಿಂಗ್ ಅನ್ನೋದಕ್ಕೆ ಮುಂಚೆ ನನಗೆ ಕೇಳಿಸಿದ್ದು ಬೇರೆ.

"ರೀ..."

ಮಾರ್ಚ್ ೭, ಸಂಜೆ

ಬರೆದೆ: ಹಿಂದಿನ ಸಸ್ಪೆನ್ಷನ್ ಸರಿಯಿಲ್ಲ. ಗಾಡಿ ಬೇಡ.

ಈ ನೋಟ್‌ಬುಕ್ಕಿನಲ್ಲಿ ಬರೆದ ಮೊದಲನೇ ಸುಳ್ಳು. ಮಗಳು ಓದಿದಳು. ಮುಖ ಸಣ್ಣದಾಯ್ತು. "ನೀನು ಬೇಡ ಅಂದ್ರೆ ಬೇಡ ಬಿಡಪ್ಪ." ಅಳಿಯಂದಿರು ಒಪ್ಪಲಿಲ್ಲ. "ಮಾವ, ಒಂದ್ಸಲ ಗ್ಯಾರೇಜಿಗೂ ತೋರಿಸ್ತೀನಿ, ಬೇಜಾರಿಲ್ಲ ತಾನೇ?"

ನೋಟ್‌ಬುಕ್ಕು ಮುಚ್ಚಿ ಕೀಲಿ ಅವರ ಕೈಗಿಟ್ಟೆ.

ಮಾರ್ಚ್ ೯

ಗ್ಯಾರೇಜಿನವನು ನನ್ನ ಕೈಯಲ್ಲೇ ಕೆಲಸ ಕಲಿತವನು. ಗಾಡಿ ಎತ್ತಿ, ಅಡಿಗೆ ನುಗ್ಗಿ, ಒಂದು ಗಂಟೆ ನೋಡಿದನಂತೆ. "ಸಸ್ಪೆನ್ಷನ್ ಹೊಸದರ ಹಾಗಿದೆ ಸಾರ್. ಗುರುಗಳು ಹೀಗಂದ್ರಾ? ಕಿವಿ ಮಂದ ಆಗಿರ್ಬೇಕು, ವಯಸ್ಸಾಯ್ತು ಪಾಪ."

ಪಾಪ ಅಂದನಂತೆ. ನನ್ನ ಕಿವಿ ಮಂದವಾಗಿದ್ದರೆ ಎಷ್ಟೋ ಚೆನ್ನಾಗಿತ್ತು.

ಮಾರ್ಚ್ ೧೬, ಬೆಳಿಗ್ಗೆ ಎಂಟು

ಗಾಡಿ ಬಂತು. ಬಾಗಿಲ ಮುಂದೆ ನಿಂತಿದೆ, ಬೀದಿ ಅರ್ಧ ಅದಕ್ಕೇ. ಗುಬ್ಬಿ ಆಗಲೇ ಹತ್ತಿ ಕೂಗಿಬಿಟ್ಟಳು. "ಲಾಸ್ಟ್ ಸೀಟು ನಂದು! ಎಡಗಡೆ ಕಿಟಕಿ ನಂದು! ಯಾರೂ ಕೇಳಂಗಿಲ್ಲ!"

ಗಾಡಿ ಜೊತೆ ಬಂದ ಪುಸ್ತಕ ಓದಿದೆ. ಪಕ್ಕದ ಏರ್‌ಬ್ಯಾಗ್ ಮೂರನೇ ಸಾಲಿನ ತನಕ ಬರುತ್ತೆ. ಒಳ್ಳೇದು. ಟೇಪ್ ಹಿಡಿದು ಅಳೆದೆ. ಹಿಂದೆ ಕೂತವರ ತಲೆಯಿಂದ ಹಿಂದಿನ ಗಾಜಿಗೆ ಒಂದು ಗೇಣು, ಅಷ್ಟೇ. ಸೀಟಿನ ಮೇಲಿನ ತಲೆದಿಂಬು, ಹೆಡ್‌ರೆಸ್ಟ್, ಎತ್ತಿ ಲಾಕ್ ಮಾಡಿದೆ. ಕಟಕ್ ಅಂತ ಕೂತಿತು. ಎರಡು ಸಲ ಜಗ್ಗಿ ನೋಡಿದೆ.

ಮಾರ್ಚ್ ೧೭

ಹಿಂದಿನ ಎರಡೂ ಹೆಡ್‌ರೆಸ್ಟ್ ಮಾಯ. ಸಾಮಾನಿನ ಜಾಗದಲ್ಲಿ ಬಿದ್ದಿದ್ದವು.

"ನಾನೇ ತೆಗೆದೆ ಮಾವ" ಅಂದರು ಅಳಿಯಂದಿರು. "ಕನ್ನಡಿಯಲ್ಲಿ ಬರೀ ಅವೇ ಕಾಣ್ತಿದ್ವು. ಹಿಂದೆ ಏನು ಬರ್ತಿದೆ ಅಂತಾನೇ ಗೊತ್ತಾಗಲ್ಲ. ನೀವೇ ಅಲ್ವಾ ಕಲಿಸಿದ್ದು? ಹಳೇ ಗಾಡಿಯಲ್ಲಿ ಹೇಳ್ತಿದ್ರಿ — ಡ್ರೈವರ್ ಕಣ್ಣಿಗೆ ಅಡ್ಡ ಬರೋದನ್ನೆಲ್ಲ ಕಿತ್ತು ಪಕ್ಕಕ್ಕಿಡಿ ಅಂತ."

ಹೌದು. ನಾನೇ ಕಲಿಸಿದ್ದು.

ಮಾರ್ಚ್ ೧೮

ಯಾರೂ ಇಲ್ಲದಾಗ ಮತ್ತೆ ಹಾಕಿದೆ.

ಮಾರ್ಚ್ ೧೯

ಮತ್ತೆ ತೆಗೆದಿದ್ದಾರೆ. ಈ ಸಲ ಅಟ್ಟದ ಮೇಲೆ, ಹಳೇ ಸೂಟ್‌ಕೇಸಿನ ಹಿಂದೆ. "ಅಜ್ಜ ಹಾಕ್ತಾನೆ, ಅಪ್ಪ ತೆಗೀತಾನೆ" ಅಂತ ಗುಬ್ಬಿ ರಾಗ ಎಳೀತಾಳೆ. ಮಗಳು ನಗ್ತಾಳೆ. "ಯಾಕಪ್ಪ ಅಷ್ಟು ಹಟ? ಅದೊಂದು ದಿಂಬು ತಾನೇ?"

ದಿಂಬು ಅಲ್ಲಮ್ಮ, ಅನ್ನಬೇಕಿತ್ತು. ಕಾರಣ ಹೇಳಿದರೆ ಮುಂದಿನ ಮಾತು ಕೇಳ್ತಾಳೆ. ನಿನಗೆ ಹೇಗೆ ಗೊತ್ತು? ಅಂತ. ನೀರು ಕುಡೀಬೇಕು ಅಂತ ಒಳಗೆ ಬಂದುಬಿಟ್ಟೆ.

ಮಾರ್ಚ್ ೨೬, ಮಧ್ಯಾಹ್ನ ಮೂರು

ಒಂದು ವಾರದಿಂದ ಪೆನ್ನು ಮುಟ್ಟಿಲ್ಲ. ಶನಿವಾರ ಎಲ್ಲರೂ ಬೀಗರನ್ನ ಕರ್ಕೊಂಡು ಬರೋಕೆ ಅವರ ಊರಿಗೆ ಹೋಗೋದು. ಐದು ಗಂಟೆ ದಾರಿ. ಗುಬ್ಬಿ ಹಿಂದಿನ ಸಾಲಿನ ಎಡಗಡೆ. ಇವತ್ತು ಬರೆದುಬಿಡ್ತೀನಿ. ಇಲ್ಲಾದರೂ ಬರೀದಿದ್ದರೆ ಮಗಳ ಮುಂದೆ ಬಾಯಿ ಬರಲ್ಲ.

ಮೂರು ವರ್ಷದ ಹಿಂದೆ. ಹಳೇ ಗಾಡಿ, ಅದೂ ಮೂರು ಸಾಲಿನದೇ. ನೆಂಟರನ್ನ ಸ್ಟೇಷನ್ನಿಗೆ ಬಿಡಬೇಕಿತ್ತು. ನನ್ನ ಪಕ್ಕ ಅವರ ಪೈಕಿ ವಯಸ್ಸಾದವರು, ನಡುವೆ ಮೂವರು. "ನೀನು ಹಿಂದೆ ಹತ್ತು" ಅಂದೆ ಹೆಂಡತಿಗೆ. ಹತ್ತಿದಳು, ಪೆಟ್ಟಿಗೆಗಳ ನಡುವೆ. ಹೆಡ್‌ರೆಸ್ಟ್ ಇರಲಿಲ್ಲ. ಗಾಡಿ ತಗೊಂಡ ವಾರವೇ ಕಿತ್ತಿಟ್ಟಿದ್ದೆ, ನನ್ನ ಕನ್ನಡಿಗೆ ಅಡ್ಡ ಅಂತ. ಹೊರಟ ಹತ್ತೇ ನಿಮಿಷಕ್ಕೆ ಹಿಂದಿನಿಂದ ಅವಳ ದನಿ:

"ರೀ, ಇಲ್ಲಿ ತಲೆ ಆನಿಸೋಕೆ ಏನೂ ಇಲ್ವಲ್ರೀ?"

"ಮುಕ್ಕಾಲು ಗಂಟೆ ಅಡ್ಜಸ್ಟ್ ಮಾಡ್ಕೊಳ್ಳೇ. ನಿನ್ನ ತಲೆ ಬಿದ್ದುಹೋಗಲ್ಲ."

ನೆಂಟರೆಲ್ಲ ನಕ್ಕರು. ಅವಳೂ ನಕ್ಕಳು ಅನಿಸುತ್ತೆ.

ಸಿಗ್ನಲ್ಲಿನಲ್ಲಿ ನಿಂತಿದ್ದೆ. ಲಾರಿ ಹಿಂದಿನಿಂದ ಬಂದು ಗುದ್ದಿತು. ಬರೋದು ಕನ್ನಡಿಯಲ್ಲಿ ಚೆನ್ನಾಗೇ ಕಂಡಿತು. ಯಾವುದೂ ಅಡ್ಡ ಇರಲಿಲ್ಲವಲ್ಲ. ಕಂಡೂ ಏನು ಮಾಡಿದೆ? ಮುಂದೆ ಬಸ್ಸು, ಪಕ್ಕಕ್ಕೆ ಜಾಗ ಇಲ್ಲ. ಉಳಿದವರಿಗೆಲ್ಲ ತರಚು ಗಾಯ. ಅವಳಿಗೆ ಮಾತ್ರ ಕುತ್ತಿಗೆ. ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇದ್ದಳು, ಅಷ್ಟೇ.

ತಲೆ ಹಿಂದಕ್ಕೆ ಬಗ್ಗಿ ಮೂಳೆ ಹೋಗಿದೆ ಅಂದರು ಡಾಕ್ಟರು. ಹೆಡ್‌ರೆಸ್ಟ್ ಇತ್ತಾ ಅಂತ ಯಾರೂ ಕೇಳಲಿಲ್ಲ. ಗಾಡಿ ಗುಜರಿಗೆ ಹೋಯ್ತು. ಆರು ತಿಂಗಳಾದ ಮೇಲೆ ಆ ಲಾರಿಯವನು ಮನೆ ಹುಡುಕಿಕೊಂಡು ಬಂದು ಬಾಗಿಲಲ್ಲಿ ನಿಂತು ಅತ್ತ. "ನಾನೇ ಕೊಂದೆ ಯಜಮಾನ್ರೇ" ಅಂದ. ಮಗಳು ಅವನ ಮುಖ ನೋಡದೆ ಒಳಗೆ ಹೋದಳು. ನಾನು ಅವನ ಅಳು ಪೂರ್ತಿ ನೋಡಿದೆ. ನನ್ನ ಪಾಲನ್ನೂ ಅವನ ತಲೆಗೇ ಕಟ್ಟಿ ಕಳಿಸಿದೆ.

ಆ ಎರಡು ಹೆಡ್‌ರೆಸ್ಟ್ ನನ್ನ ಟ್ರಂಕಿನಲ್ಲಿದೆ. ನಿನ್ನ ಹಳೇ ಸೀರೆಯಲ್ಲಿ ಸುತ್ತಿ. ಬಿಸಾಕೋಕೆ ಮೂರು ಸಲ ಹೋದೆ ಕಣೇ. ಮೂರು ಸಲವೂ ವಾಪಸ್ ತಂದೆ.

ಇವು ಇದ್ದಿದ್ದರೆ ನೀನು ಬದುಕ್ತಿದ್ದೆಯೋ ಇಲ್ಲವೋ ಗೊತ್ತಿಲ್ಲ. ಗೊತ್ತಿಲ್ಲದೇ ಇರೋದೇ...

ಮಾರ್ಚ್ ೨೮, ಶನಿವಾರ, ಬೆಳಿಗ್ಗೆ ಏಳೂಕಾಲು

ಹೇಳಿದೆ.

ತಿಂಡಿ ಆದ ಮೇಲೆ, ಗುಬ್ಬಿ ಚಪ್ಪಲಿ ಹುಡುಕೋಕೆ ಹೋದಾಗ. ಸೀರೆ ಬಿಚ್ಚಿ ಎರಡನ್ನೂ ಮೇಜಿನ ಮೇಲಿಟ್ಟೆ. ಮಗಳು ಮೊದಲು ಸೀರೆ ಗುರುತು ಹಿಡಿದಳು.

"ಇದೇನಪ್ಪ?"

"ಹಳೇ ಗಾಡಿದು. ಹಿಂದಿನ ಸಾಲಿಂದು. ಅಮ್ಮ ಕೂತಾಗ ಇವು ಗಾಡಿಯಲ್ಲಿ ಇರ್ಲಿಲ್ಲ. ನಾನೇ ಕಿತ್ತಿಟ್ಟಿದ್ದೆ. ಸಸ್ಪೆನ್ಷನ್ ಅಂತ ಬರೆದಿದ್ದೂ ಸುಳ್ಳು."

ಅಳಿಯಂದಿರು ಕುರ್ಚಿ ಹಿಡಿದು ನಿಂತರು. ಮಗಳು ಅಳಲಿಲ್ಲ. ಕೂಗಲಿಲ್ಲ. ಒಂದನ್ನ ಕೈಗೆ ತಗೊಂಡು, ಅದರ ಎರಡು ಕಬ್ಬಿಣದ ಕಾಲನ್ನ ನೋಡಿದಳು, ವಾಪಸ್ ಇಟ್ಟಳು. ಗಂಡನಿಗೆ ಹೇಳಿದಳು, "ಅಟ್ಟದಿಂದ ಅವನ್ನ ಇಳಿಸಿ."

ಕಿಟಕಿಯಿಂದ ನೋಡ್ತಿದ್ದೆ. ಅವಳೇ ಹಾಕಿದಳು. ಕಟಕ್. ಕಟಕ್.

"ಕನ್ನಡಿಯಲ್ಲಿ ಏನೂ ಕಾಣಲ್ವಲ್ಲೇ" ಅಂದರು ಅಳಿಯಂದಿರು, ಮೆಲ್ಲಗೆ.

"ಕಾಣದಿದ್ರೆ ಬೇಡ. ಸೈಡ್ ಕನ್ನಡಿ ಎರಡಿದೆ. ಕೀಲಿ ಕೊಡಿ, ನಾನು ಓಡಿಸ್ತೀನಿ."

ನನ್ನನ್ನ ಬಾ ಅನ್ನಲಿಲ್ಲ, ಬೇಡ ಅನ್ನಲೂ ಇಲ್ಲ. ಮುಂದಿನ ಬಾಗಿಲು ತೆರೆದೇ ಇತ್ತು. ನಾನು ನಡು ಸೀಟು ಮಡಚಿ ಹಿಂದಕ್ಕೆ ಹತ್ತಿದೆ. ಗುಬ್ಬಿಯನ್ನ ಬಲಗಡೆಗೆ ಕಳಿಸಿದೆ. "ಎಡಗಡೆ ನಂದು ಅಂದಿದ್ನಲ್ಲ ಅಜ್ಜ!" "ಇವತ್ತೊಂದಿನ ಕೊಡೇ ನನಗೆ."

ಅದೇ ದಿನ, ಹತ್ತು ಗಂಟೆ ಇರಬೇಕು

ಗಾಡಿಯಲ್ಲೇ ಬರೀತಿದೀನಿ. ಅಕ್ಷರ ಕುಣೀತಿದೆ.

ನಲವತ್ತು ವರ್ಷ ಗಾಡಿ ಓಡಿಸಿದೆ. ಹಿಂದಿನ ಸಾಲಿನಲ್ಲಿ ಒಂದು ಸಲವೂ ಕೂತಿರಲಿಲ್ಲ. ಮಂಡಿ ಎದೆಗೆ ಬರುತ್ತೆ. ಹಂಪು ಬಂದರೆ ಮುಂದಿನವರಿಗಿಂತ ಎರಡು ಪಟ್ಟು ಎಗರ್ತೀವಿ. ಎ.ಸಿ. ಗಾಳಿ ಸಾಲದು. ಮುಂದೆ ಆಡೋ ಮಾತು ಅರ್ಧ ಕೇಳಿಸಲ್ಲ. ರಸ್ತೆ ಕಾಣಲ್ಲ, ಮುಂದಿನವರ ತಲೆ ಮಾತ್ರ ಕಾಣುತ್ತೆ. ಡ್ರೈವರ್ ಏನು ಮಾಡ್ತಾನೋ ಅದಕ್ಕೆ ಮೈ ಒಪ್ಪಿಸಿ ಕೂರಬೇಕು. ಇದನ್ನ ಯಾವ ಪುಸ್ತಕದಲ್ಲೂ ಬರೆದಿಲ್ಲ. ನಾನೂ ಬರೆದಿರಲಿಲ್ಲ.

ತಲೆ ಆನಿಸಿದೆ. ಗಟ್ಟಿಯಾಗಿದೆ. ಚೆನ್ನಾಗಿದೆ.

ಗಾಡಿ ಸರಿ. ಹೀಗಂತ ಇವತ್ತಿನ ತಾರೀಕು ಹಾಕಿ ಬರೀತೀನಿ — ಸರಿ.

ಮಗಳು ಚೆನ್ನಾಗಿ ಓಡಿಸ್ತಾಳೆ. ಬ್ರೇಕ್ ತುಳಿಯೋದು ಗೊತ್ತಾಗೋದೇ ಇಲ್ಲ. ಮೂರು ಗಂಟೆ ಆಗ್ತಾ ಬಂತು, ನನ್ನ ಹತ್ತಿರ ಒಂದು ಮಾತಿಲ್ಲ. ಗುಬ್ಬಿ ನನ್ನ ತೋಳಿಗೆ ಒರಗಿ ಮಲಗಿದ್ದಾಳೆ.

ಸಿಗ್ನಲ್. ನಿಂತೆವು. ಬೆನ್ನ ಹಿಂದೆ, ಒಂದು ಗೇಣಿನಾಚೆ, ದೊಡ್ಡ ಗಾಡಿಯೊಂದು ಉಸ್ ಅಂತ ಬ್ರೇಕ್ ಹಾಕಿತು. ಅಲ್ಲೇ ನಿಂತಿತು. ತಿರುಗಿ ನೋಡಲಿಲ್ಲ.

ಮಗಳು ಕನ್ನಡಿ ಸರಿಮಾಡಿಕೊಂಡಳು. ಮುಂದಿನ ಎರಡು ಹೆಡ್‌ರೆಸ್ಟಿನ ಸಂದಿಯಿಂದ, ಕನ್ನಡಿಯೊಳಗೆ ಅವಳ ಕಣ್ಣು ಕಂಡಿತು. ರಸ್ತೆ ನೋಡೋಕೆ ಅಲ್ಲ.

"ಅಪ್ಪ."

"ಹೂಂ."

"ಅವತ್ತು ಅಮ್ಮ ಅಲ್ಲಿ ಕೂತಾಗ ಏನಾದ್ರೂ ಅಂದ್ಲಾ?"

ದೀಪ ಇನ್ನೂ ಕೆಂಪು. ನಿನ್ನ ಆ ಮಾತು, ನಾನು ಕೊಟ್ಟ ಉತ್ತರ — ಇದೊಂದು ಬೆಳಿಗ್ಗೆ ಬಾಯಿಗೆ ಬಂದಿರಲಿಲ್ಲ. ಈಗ ಪೆನ್ನು ಕೆಳಗಿಟ್ಟು ಅವಳಿಗೆ ಹೇಳ್ತೀನಿ.